ಎಡಹೆಗಲ ಹಿಂದಿನ ಹಿಡಿ: ಸ್ವಯಂನಿರ್ಮಿತ ವಿಮಾನದಲ್ಲಿ ನಿಯಂತ್ರಣವೊಂದರ ಜಾಗ ಬದಲಾದ ಪ್ರಕರಣ

1997ರ ಅಕ್ಟೋಬರ್ 12ರ ಸಂಜೆ ಐದೂವರೆಯ ಹೊತ್ತಿಗೆ, ಅಮೆರಿಕದ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್ ಪಟ್ಟಣದ ಕಡಲಂಚಿನಲ್ಲಿ ಎರಡು ಆಸನಗಳ ಹಗುರ ವಿಮಾನವೊಂದು ಸಮುದ್ರಕ್ಕೆ ಬಿದ್ದಿತು. ಅದನ್ನು ಹಾರಿಸುತ್ತಿದ್ದ ಗಾಯಕ ಜಾನ್ ಡೆನ್ವರ್ ಮೃತಪಟ್ಟರು. ವಿಮಾನದಲ್ಲಿ ಬೇರೆ ಯಾರೂ ಇರಲಿಲ್ಲ. ಹೆಸರಾಂತ ಕಲಾವಿದರ ಸಾವೆಂಬ ಕಾರಣಕ್ಕೆ ಈ ಸುದ್ದಿ ಜಗತ್ತಿನೆಲ್ಲೆಡೆ ಹರಡಿತು. ಆದರೆ ತಮ್ಮ ಕೈಯಾರೆ ವಿಮಾನ ಕಟ್ಟುವವರು, ಇನ್ನೊಬ್ಬರು ಕಟ್ಟಿದ್ದನ್ನು ಕೊಳ್ಳುವವರು ಮತ್ತು ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಕೆಳಕ್ಕೆ ಬಾಗಿಸುವ ಫ್ಲ್ಯಾಪ್ ಎಂಬ ಪಟ್ಟಿಯ ಹಿಡಿಯನ್ನೋ ಹಾರಾಟದ ಸಮತೋಲ ಹೊಂದಿಸುವ ಟ್ರಿಮ್ ಚಕ್ರವನ್ನೋ ಇಂಧನದ ವಾಲ್ವನ್ನೋ ತಮಗೆ ಬೇಕಾದಂತೆ ಬದಲಾಯಿಸಲು ಹೊರಟವರು ಈ ಪ್ರಕರಣವನ್ನು ಇಂದಿಗೂ ಕೂತು ಓದಬೇಕಾಗಿರುವುದು ಬೇರೊಂದು ಕಾರಣಕ್ಕಾಗಿ. ಇಲ್ಲಿ ಎಂಜಿನ್ ಕೆಟ್ಟಿರಲಿಲ್ಲ, ರೆಕ್ಕೆ ಮುರಿದಿರಲಿಲ್ಲ, ಹವಾಮಾನವೂ ಕೈಕೊಟ್ಟಿರಲಿಲ್ಲ. ವಿಮಾನವನ್ನು ಕಟ್ಟಿದ ವ್ಯಕ್ತಿ ಒಂದು ಅಪಾಯವನ್ನು ತಪ್ಪಿಸಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಒಂದು ಹಿಡಿಯ ಜಾಗವನ್ನು ಬದಲಾಯಿಸಿದ್ದರು. ಆ ಹಿಡಿ ಹೋಗಿ ಕುಳಿತ ಜಾಗಕ್ಕೆ, ವಿಮಾನವನ್ನು ಹಾರಿಸುತ್ತಲೇ ಕೈ ಚಾಚುವುದು ಸಾಧ್ಯವೇ ಎಂಬ ಪ್ರಶ್ನೆಗೆ ಮಾತ್ರ ಸರಿಯಾದ ಉತ್ತರ ದೊರೆತಿರಲಿಲ್ಲ.

ವಿಮಾನದ ಮೂಲ ವಿನ್ಯಾಸ

ಅದು ಲಾಂಗ್-ಈಜೀ ಎಂಬ ಮಾದರಿ. 1986ರಲ್ಲಿ ಎಲ್ಲಿಯೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಭೂಮಿಯನ್ನು ಸುತ್ತಿಬಂದ ವಾಯೇಜರ್ ವಿಮಾನವನ್ನು ವಿನ್ಯಾಸಗೊಳಿಸಿದ ಬರ್ಟ್ ರುಟಾನ್ ಅವರೇ ಇದರ ವಿನ್ಯಾಸಕರು. 1979ರಲ್ಲಿ ಮೊದಲ ಬಾರಿಗೆ ಹಾರಿದ ಈ ಮಾದರಿಯ ನಕ್ಷೆಗಳನ್ನು ಅವರ ಸಂಸ್ಥೆ 1980ರ ದಶಕದ ಮಧ್ಯದವರೆಗೆ ಹವ್ಯಾಸಿಗಳಿಗೆ ಮಾರಾಟ ಮಾಡಿತು. ನಕ್ಷೆ ಕೊಂಡವರು ಫೋಮ್ ತುಂಡುಗಳನ್ನು ಕಾಯಿಸಿದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ರಾಳದಲ್ಲಿ ನೆನೆಸಿದ ಗಾಜುನಾರಿನ ಬಟ್ಟೆಯನ್ನು ಹೊದಿಸಿ, ತಮ್ಮ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟಬಹುದಿತ್ತು.

ಲಾಂಗ್-ಈಜೀಯ ಅಂಗರಚನೆ ಸಾಮಾನ್ಯ ವಿಮಾನದಂತಿಲ್ಲ. ಎಂಜಿನ್ ಮತ್ತು ಪ್ರೊಪೆಲರ್ ಹಿಂಬದಿಯಲ್ಲಿದ್ದು ವಿಮಾನವನ್ನು ಮುಂದಕ್ಕೆ ತಳ್ಳುತ್ತವೆ. ಬಾಲದ ರೆಕ್ಕೆಯ ಬದಲಿಗೆ ಮೂಗಿನ ಬಳಿ ಪುಟ್ಟ ಮುಂರೆಕ್ಕೆಯಿದೆ. ಮುಖ್ಯ ರೆಕ್ಕೆಗಳ ತುದಿಯಲ್ಲಿ ನೆಟ್ಟಗೆ ನಿಂತ ಕಿರುರೆಕ್ಕೆಗಳಲ್ಲಿ ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ರಡರ್‌ಗಳಿವೆ. ಎಡ ಪೆಡಲ್ ಒತ್ತಿದರೆ ಎಡದ ರಡರ್ ಮಾತ್ರ, ಬಲ ಪೆಡಲ್ ಒತ್ತಿದರೆ ಬಲದ ರಡರ್ ಮಾತ್ರ ಹೊರಕ್ಕೆ ತಿರುಗುತ್ತದೆ. ಮುಂದಿನ ಆಸನದಲ್ಲಿ ಪೈಲಟ್ ಬೆನ್ನು ಹಿಂದಕ್ಕೆ ವಾಲಿಸಿ ಕೂರುತ್ತಾರೆ, ಬಲಗೈ ಪಕ್ಕದಲ್ಲಿ ವಿಮಾನವನ್ನು ಏರಿಳಿಸುವ, ವಾಲಿಸುವ ಕಂಟ್ರೋಲ್ ಸ್ಟಿಕ್ ಇರುತ್ತದೆ. ರೆಕ್ಕೆಯ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಇಂಧನ ಟ್ಯಾಂಕ್‌ಗಳಿವೆ. ಎರಡೂ ಟ್ಯಾಂಕ್‌ಗಳಿಂದ ಒಟ್ಟಿಗೆ ಇಂಧನ ಪಡೆಯುವ ಏರ್ಪಾಡು ಇಲ್ಲದ ಕಾರಣ, ಒಂದು ಬರಿದಾಗುವ ಮೊದಲು ಪೈಲಟ್ ಸೆಲೆಕ್ಟರ್ ವಾಲ್ವಿನ ಹಿಡಿಯನ್ನು ತಿರುಗಿಸಿ ಇನ್ನೊಂದಕ್ಕೆ ಬದಲಾಗಬೇಕು. ಇದು ತುರ್ತು ಸಂದರ್ಭಕ್ಕೆ ಮೀಸಲಾದ ಹಿಡಿಯಲ್ಲ. ಪ್ರತಿ ದೀರ್ಘ ಹಾರಾಟದಲ್ಲಿಯೂ ಹಲವು ಸಲ ಬಳಸಬೇಕಾದ ಹಿಡಿ. ರುಟಾನ್ ಅವರ ನಕ್ಷೆಯಲ್ಲಿ ಅದರ ಜಾಗ ಪೈಲಟ್‌ನ ಎರಡು ಕಾಲುಗಳ ನಡುವೆ, ಕಣ್ಣಿಗೆ ಕಾಣುವಂತೆ, ಕೈಗೆ ಸುಲಭವಾಗಿ ಎಟುಕುವಂತೆ ಇತ್ತು.

ಮಾರ್ಪಾಡು ಮತ್ತು ಅದರ ತರ್ಕ

ಟೆಕ್ಸಾಸ್‌ನಲ್ಲಿ ಈ ವಿಮಾನವನ್ನು ಕಟ್ಟಿದ ಹವ್ಯಾಸಿ ನಿರ್ಮಾಪಕರಿಗೆ ಆ ಜಾಗ ಒಪ್ಪಿಗೆಯಾಗಲಿಲ್ಲ. ಟ್ಯಾಂಕ್‌ಗಳಿರುವುದು ಪೈಲಟ್‌ನ ಹಿಂದೆ, ಎಂಜಿನ್ ಇರುವುದು ಅದಕ್ಕೂ ಹಿಂದೆ. ವಾಲ್ವ್ ಪೈಲಟ್‌ನ ಕಾಲುಗಳ ನಡುವೆ ಇರಬೇಕಾದರೆ ಇಂಧನದ ಕೊಳವೆಗಳು ಕಾಕ್‌ಪಿಟ್ಟಿನೊಳಗೆ ಮುಂದಕ್ಕೆ ಬಂದು ಮತ್ತೆ ಹಿಂದಕ್ಕೆ ಹೋಗಬೇಕು. ಮನುಷ್ಯ ಕೂರುವ ಜಾಗದಲ್ಲಿ ಪೆಟ್ರೋಲು ಹರಿಯುವುದು ಬೇಡವೆಂದು ಅವರು ವಾಲ್ವನ್ನು ಹಿಂಬದಿಯ ಎಂಜಿನ್ ಭಾಗದಲ್ಲಿಟ್ಟರು. ಅಲ್ಲಿಂದ ಉದ್ದನೆಯ ಉಕ್ಕಿನ ಕೊಳವೆಯ ಮೂಲಕ ಜೋಡಣೆ ಮಾಡಿ, ಹಿಡಿಯನ್ನು ಪೈಲಟ್‌ನ ಎಡಹೆಗಲಿನ ಹಿಂದಿನ ತಡೆಗೋಡೆಯ ಮೇಲೆ ಕೂರಿಸಿದರು.

ಈ ತರ್ಕವನ್ನು ಹಗುರವಾಗಿ ಕಾಣಬಾರದು. ಇಂಧನದ ಸೋರಿಕೆ, ಅದರ ಆವಿ, ನೆಲಕ್ಕೆ ಅಪ್ಪಳಿಸಿದಾಗ ಒಡೆಯುವ ಕೊಳವೆ, ಇವೆಲ್ಲ ನಿಜವಾದ ಅಪಾಯಗಳು. ಬೆಂಕಿಯ ಭಯವಿಟ್ಟುಕೊಂಡು ವಿಮಾನ ಕಟ್ಟುವವರನ್ನು ನಾನು ಗೌರವಿಸುತ್ತೇನೆ. ಆದರೆ ಬೆಂಕಿಯ ಅಪಾಯ ಅಪಘಾತವಾದ ಮೇಲೆ ಅಥವಾ ಸೋರಿಕೆಯಾದಾಗ ಮಾತ್ರ ಎದುರಾಗುವಂಥದ್ದು. ಕೈಗೆಟುಕದ ಹಿಡಿಯ ಅಪಾಯವಾದರೋ ಟ್ಯಾಂಕ್ ಬದಲಾಯಿಸುವ ಪ್ರತಿ ಸಲವೂ ಎದುರಾಗುತ್ತದೆ. ಅಪರೂಪದ ಒಂದು ಅಪಾಯವನ್ನು ತೆಗೆದು ನಿತ್ಯದ ಒಂದು ಅಪಾಯವನ್ನು ಅದರ ಜಾಗದಲ್ಲಿಟ್ಟಂತಾಯಿತು. ಮಾರ್ಪಾಡಿನ ತೂಕ ನೋಡುವಾಗ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಅಗತ್ಯವಿತ್ತು.

ಇದರ ಜೊತೆಗೆ ಇನ್ನೆರಡು ಕೊರತೆಗಳು ಸೇರಿಕೊಂಡವು. ಹಿಡಿಯ ಸುತ್ತ ಯಾವ ಗುರುತೂ ಇರಲಿಲ್ಲ. ಎಡ ಟ್ಯಾಂಕ್ ಯಾವ ಕಡೆ, ಬಲ ಟ್ಯಾಂಕ್ ಯಾವ ಕಡೆ, ಬಂದ್ ಮಾಡುವ ಸ್ಥಾನ ಯಾವುದು ಎಂಬುದನ್ನು ನೆನಪಿನಲ್ಲೇ ಇಟ್ಟುಕೊಳ್ಳಬೇಕಿತ್ತು. ಅದೂ ನೇರವಾಗಿರಲಿಲ್ಲ: ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ಎಡ ಟ್ಯಾಂಕಿನ ಇಂಧನ ಬರುತ್ತಿತ್ತು. ಎರಡನೆಯದಾಗಿ, ಇಂಧನದ ಮಟ್ಟ ತೋರಿಸುವ ಪಾರದರ್ಶಕ ಮಾಪಕಗಳು ಹಿಂದಿನ ಆಸನದ ಪಕ್ಕದಲ್ಲಿದ್ದವು. ಅವುಗಳ ಮೇಲೂ ಅಳತೆಯ ಗೆರೆಗಳಿರಲಿಲ್ಲ. ಹೀಗೆ, ಎಷ್ಟು ಇಂಧನ ಉಳಿದಿದೆ ಎಂದು ತಿಳಿಯಲು ಕತ್ತು ತಿರುಗಿಸಬೇಕು, ತಿಳಿದ ಮೇಲೆ ಟ್ಯಾಂಕ್ ಬದಲಾಯಿಸಲು ಮೈಯನ್ನೇ ತಿರುಗಿಸಬೇಕು ಎಂಬ ಸ್ಥಿತಿ ಏರ್ಪಟ್ಟಿತ್ತು.

ಇಂಥ ಹಿಡಿಯಿದ್ದೂ ಆ ವಿಮಾನ ವರ್ಷಗಟ್ಟಲೆ ಹಾರಿತು. ಕಟ್ಟಿದವರಿಗೆ ತಮ್ಮ ಕೈಯಳತೆ ಗೊತ್ತು, ತಾವು ಇಟ್ಟ ಹಿಡಿಯ ದಿಕ್ಕು ಗೊತ್ತು, ಯಾವ ಎತ್ತರದಲ್ಲಿ ಎಷ್ಟು ಬಿಡುವು ಮಾಡಿಕೊಂಡು ಅದನ್ನು ತಿರುಗಿಸಬೇಕೆಂಬ ಅಂದಾಜೂ ಇರುತ್ತದೆ. ಆ ತಿಳಿವಳಿಕೆ ವಿಮಾನದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಆದರೂ ಅದೇ ವಿಮಾನವನ್ನು ಹಾರಿಸಿದ್ದ ಇಬ್ಬರು ಪೈಲಟ್‌ಗಳು, ಹಿಡಿ ಮತ್ತು ಮಾಪಕಗಳಿದ್ದ ಜಾಗದ ದೆಸೆಯಿಂದ ತಮಗರಿವಿಲ್ಲದೆ ಒಂದು ಟ್ಯಾಂಕ್ ಬರಿದಾಗಿ ಅನಾಹುತದ ಅಂಚಿಗೆ ಹೋಗಿಬಂದುದನ್ನು ಮುಂದೆ ತನಿಖಾಧಿಕಾರಿಗಳಿಗೆ ತಿಳಿಸಿದರು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯಂತ ನೋವಿನ ಭಾಗ ಇದೇ. ಎಚ್ಚರಿಕೆ ಎರಡು ಸಲ ಬಂದಿತ್ತು. ಅದು ಹಿಡಿಯನ್ನು ಮತ್ತೆ ಮುಂದಕ್ಕೆ ತರುವ ನಿರ್ಧಾರವಾಗಿ ಮಾರ್ಪಡಲಿಲ್ಲ, ಹಿಡಿಯ ಪಕ್ಕದಲ್ಲಿ ಒಂದು ಚೀಟಿಯಾಗಿಯೂ ಅಂಟಿಕೊಳ್ಳಲಿಲ್ಲ.

ಕೊಂಡವರು, ಹಿಂದಿನ ದಿನ, ಆ ಸಂಜೆ

ಡೆನ್ವರ್ ಅನನುಭವಿ ಪೈಲಟ್ ಆಗಿರಲಿಲ್ಲ. ಅವರ ಖಾತೆಯಲ್ಲಿ 2,700 ಗಂಟೆಗಳಿಗೂ ಹೆಚ್ಚಿನ ಹಾರಾಟವಿತ್ತು; ಲಿಯರ್‌ಜೆಟ್ ಹಾರಿಸುವ ಅರ್ಹತೆಯೂ ಇತ್ತು. ಆದರೆ ಈ ಮಾದರಿ ಅವರಿಗೆ ಹೊಸದು. ಅಪಘಾತದ ಹಿಂದಿನ ದಿನ, ನೆಲದ ಮೇಲಿನ ವಿವರಣೆ ಮತ್ತು ಹಾರಾಟ ಸೇರಿ ಅರ್ಧ ಗಂಟೆಯಷ್ಟು ಪರಿಚಯ ಅವರಿಗೆ ದೊರೆತಿತ್ತು. ಕಾಲು ರಡರ್ ಪೆಡಲ್‌ಗೆ ಸರಿಯಾಗಿ ಎಟುಕಲೆಂದು ಅವರ ಬೆನ್ನಿನ ಹಿಂದೆ ಮೆತ್ತೆಯೊಂದನ್ನು ಇಡಲಾಗಿತ್ತು. ಮೆತ್ತೆ ಪೈಲಟ್‌ನನ್ನು ಮುಂದಕ್ಕೆ ತಳ್ಳುತ್ತದೆ. ಕಾಲಿಗೆ ಪೆಡಲ್ ಹತ್ತಿರವಾದಷ್ಟೂ ಹೆಗಲ ಹಿಂದಿನ ಹಿಡಿ ದೂರವಾಗುತ್ತದೆ. ಒಬ್ಬರ ದೇಹಕ್ಕೆ ಹೊಂದಿಸಿ ಇಟ್ಟ ನಿಯಂತ್ರಣ ಮತ್ತೊಬ್ಬರ ದೇಹಕ್ಕೆ ಹೇಗೆ ಹೊಂದದೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

12ರ ಮಧ್ಯಾಹ್ನ ಮಾಂಟೆರೆ ವಿಮಾನ ನಿಲ್ದಾಣದಲ್ಲಿ ನಿರ್ವಹಣಾ ತಂತ್ರಜ್ಞರೊಬ್ಬರು ಹಾರಾಟದ ಸಿದ್ಧತೆಯಲ್ಲಿ ಡೆನ್ವರ್ ಅವರಿಗೆ ನೆರವಾದರು. ಹಿಡಿಗೆ ಕೈ ಎಟುಕುವುದಿಲ್ಲವೆಂಬ ವಿಷಯ ಇಬ್ಬರಿಗೂ ತಿಳಿದಿತ್ತು, ಅದರ ಬಗ್ಗೆ ಮಾತುಕತೆಯೂ ನಡೆಯಿತು. ಹಿಡಿಯ ಉದ್ದ ಹೆಚ್ಚಿಸಲೆಂದು ಕಚ್ಚಿಹಿಡಿಯುವ ಇಕ್ಕಳವೊಂದನ್ನು ಸಿಕ್ಕಿಸಿ ನೋಡಿದರು, ಪ್ರಯೋಜನವಾಗಲಿಲ್ಲ. ಹಿಂದಿನ ಮಾಪಕಗಳನ್ನು ಹೆಗಲ ಮೇಲಿಂದ ನೋಡಲು ತಂತ್ರಜ್ಞರು ಪುಟ್ಟ ಕನ್ನಡಿಯೊಂದನ್ನು ಕೊಟ್ಟರು. ಹಾರಾಟದಲ್ಲಿ ಟ್ಯಾಂಕ್ ಬದಲಾಯಿಸಬೇಕಾಗಿ ಬಂದರೆ ಆಟೋಪೈಲಟ್‌ಗೆ ವಿಮಾನವನ್ನು ಒಪ್ಪಿಸಿ, ಅದು ಸಮತಲದಲ್ಲಿ ಹಾರುತ್ತಿರುವಾಗ ಹಿಡಿಯನ್ನು ತಿರುಗಿಸುವುದಾಗಿ ಡೆನ್ವರ್ ಹೇಳಿದರು. ತಂತ್ರಜ್ಞರು ಕಂಡಂತೆ ಒಂದು ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಿಮೆ, ಇನ್ನೊಂದರಲ್ಲಿ ಕಾಲುಭಾಗಕ್ಕಿಂತ ಕಡಿಮೆ ಇಂಧನವಿತ್ತು. ಇಂಧನ ತುಂಬಿಸಬೇಕೇ ಎಂದು ಕೇಳಿದಾಗ, ಸುಮಾರು ಒಂದು ಗಂಟೆಯಷ್ಟೇ ಹಾರುವುದರಿಂದ ಬೇಡವೆಂದು ಡೆನ್ವರ್ ಹೇಳಿದರು.

ಈ ಘಟ್ಟದಲ್ಲಿ ಸ್ವಲ್ಪ ನಿಲ್ಲಬೇಕು. ಇಕ್ಕಳ, ಕನ್ನಡಿ, ಆಟೋಪೈಲಟ್ ಎಂಬ ಮೂರೂ ಉಪಾಯಗಳು ಒಂದೇ ಸಂಗತಿಯನ್ನು ಹೇಳುತ್ತವೆ: ನಿಯಂತ್ರಣದ ದೋಷವನ್ನು ಬಳಸುವವರು ಗುರುತಿಸಿದ್ದರು, ಆದರೆ ಅದನ್ನು ಹಾರಾಟ ನಿಲ್ಲಿಸುವ ಮಟ್ಟದ ದೋಷವೆಂದು ಎಣಿಸಲಿಲ್ಲ. ಆಟೋಪೈಲಟ್‌ನ ಉಪಾಯ ಸಾಕಷ್ಟು ಎತ್ತರದಲ್ಲಿ, ಪೈಲಟ್ ತಾನಾಗಿ ಆರಿಸಿಕೊಂಡ ಕ್ಷಣದಲ್ಲಿ ಕೆಲಸ ಮಾಡೀತು. ಎಂಜಿನ್ ಇದ್ದಕ್ಕಿದ್ದಂತೆ ತಡವರಿಸಿದಾಗ, ನೆಲ ಹತ್ತಿರದಲ್ಲಿರುವಾಗ, ಅಂಥ ಕ್ಷಣವನ್ನು ಆರಿಸಿಕೊಳ್ಳುವ ಅವಕಾಶ ಇರುವುದಿಲ್ಲ. ಇಂಧನ ತುಂಬಿದ್ದರೆ ಆ ಸಂಜೆ ಹಿಡಿಯನ್ನು ಮುಟ್ಟುವ ಅಗತ್ಯವೇ ಬೀಳುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಸಂಜೆ ಐದು ಗಂಟೆ ಕಳೆದ ಮೇಲೆ ವಿಮಾನ ಮೇಲೇರಿತು. ಡೆನ್ವರ್ ಮೊದಲು ಓಡುದಾರಿಯ ಮೇಲೆ ಮೂರು ಬಾರಿ ಇಳಿದು ಏರುವ ಅಭ್ಯಾಸ ಮಾಡಿ, ಬಳಿಕ ಕಡಲತೀರದತ್ತ ಸಾಗಿದರು. ಪಾಯಿಂಟ್ ಪೀನೋಸ್ ಬಳಿ ನೆಲದಲ್ಲಿದ್ದ ಸಾಕ್ಷಿಗಳು ವಿಮಾನವನ್ನು ಸುಮಾರು 350ರಿಂದ 500 ಅಡಿ ಎತ್ತರದಲ್ಲಿ ಕಂಡರು. ಅವರಲ್ಲಿ ಕೆಲವರು ಸಿಡಿದಂಥ ಸದ್ದನ್ನೋ ಎಂಜಿನ್ನಿನ ಸದ್ದು ಕುಗ್ಗಿದ್ದನ್ನೋ ಕೇಳಿದ್ದರು. ಮೂಗು ಕೊಂಚ ಮೇಲಕ್ಕೆದ್ದು, ವಿಮಾನ ಬಲಕ್ಕೆ ವಾಲಿ, ಕಡಿದಾಗಿ ಕೆಳಕ್ಕೆ ಬಿದ್ದಿತು.

ತನಿಖೆಯಲ್ಲಿ ಕಂಡದ್ದು

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ನೀರಿನಿಂದ ಎತ್ತಿದ ಅವಶೇಷಗಳಲ್ಲಿ ಸೆಲೆಕ್ಟರ್ ವಾಲ್ವ್ ಯಾವ ಟ್ಯಾಂಕಿಗೂ ಪೂರ್ತಿಯಾಗಿ ತೆರೆದುಕೊಳ್ಳದೆ ನಡುವಿನ ಸ್ಥಾನದಲ್ಲಿ ಸಿಕ್ಕಿತು. ತಿರುಗಿಸುವ ಕೆಲಸ ಶುರುವಾಗಿ ಮುಗಿದಿರಲಿಲ್ಲ ಎಂಬುದಕ್ಕೆ ಅದು ಬಲವಾದ ಸುಳಿವು. ಆದರೆ ತನಿಖೆಯ ತಿರುಳು ಸಿಕ್ಕಿದ್ದು ಲೋಹದ ತುಂಡುಗಳಲ್ಲಿ ಅಲ್ಲ, ಇನ್ನೊಂದು ಲಾಂಗ್-ಈಜೀಯ ಆಸನದಲ್ಲಿ ಮನುಷ್ಯನನ್ನು ಕೂರಿಸಿ ಮಾಡಿದ ಪರೀಕ್ಷೆಯಲ್ಲಿ.

ಹಾರಾಟದ ನಡುವೆ ಆ ಹಿಡಿಯನ್ನು ತಿರುಗಿಸಲು ಪೈಲಟ್ ಏನೇನು ಮಾಡಬೇಕಾಗುತ್ತಿತ್ತು ಎಂಬುದನ್ನು ತನಿಖಾಧಿಕಾರಿಗಳು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ನೋಡಿದರು. ಎಡಹೆಗಲ ಹಿಂದಕ್ಕೆ ಎಡಗೈ ಮಡಚಿಕೊಂಡು ಹೋಗಲಾರದು, ಆದ್ದರಿಂದ ಬಲಗೈಯನ್ನೇ ಬಳಸಬೇಕು. ಬಲಗೈ ಬಳಸಬೇಕಾದರೆ ಕಂಟ್ರೋಲ್ ಸ್ಟಿಕ್ಕನ್ನು ಬಿಡಬೇಕು. ಹೆಗಲಪಟ್ಟಿಯನ್ನು ಸಡಿಲಿಸಬೇಕು. ಮೈಯ ಮೇಲ್ಭಾಗವನ್ನು ಎಡಕ್ಕೆ 90 ಡಿಗ್ರಿಯಷ್ಟು ತಿರುಗಿಸಬೇಕು. ಆಮೇಲೆ, ಗುರುತುಗಳಿಲ್ಲದ ಹಿಡಿಯನ್ನು ಸರಿಯಾದ ದಿಕ್ಕಿಗೆ ತಿರುಗಿಸಬೇಕು. ಹೀಗೆ ಎಡಕ್ಕೆ ತಿರುಗಿದಾಗ ಪರೀಕ್ಷೆಗೆ ಕೂತವರ ಬಲಗಾಲು, ಮೈಗೆ ಆಧಾರ ಹುಡುಕುತ್ತ, ತಾನಾಗಿಯೇ ಬಲ ರಡರ್ ಪೆಡಲ್ಲನ್ನು ಒತ್ತಿತು. ಅವರು ಒತ್ತಬೇಕೆಂದುಕೊಂಡು ಒತ್ತಿದ್ದಲ್ಲ. ಕುಳಿತ ಮನುಷ್ಯ ಮೈ ಹೊರಳಿಸಿದಾಗ ದೇಹ ಸಹಜವಾಗಿ ಮಾಡುವ ಕೆಲಸ ಅದು. ಇನ್ನು ಬಲ ರಡರ್ ಪೂರ್ತಿ ತಿರುಗಿದರೆ ಏನಾಗುತ್ತದೆಂದು ಹಾರಿಸಿ ನೋಡಿದಾಗ ಲಾಂಗ್-ಈಜೀ ಮೂಗೆತ್ತಿ ಬಲಕ್ಕೆ ವಾಲಿತು. ಸಾಕ್ಷಿಗಳು ನೆಲದಿಂದ ಕಂಡದ್ದು ಅದನ್ನೇ.

ಇಂಥ ಸಂಬಂಧವನ್ನು ನಕ್ಷೆಯ ಹಾಳೆಯ ಮೇಲೆ ಯಾರೂ ಊಹಿಸಲಾರರು. ಇಂಧನದ ವಾಲ್ವಿಗೂ ರಡರ್ ಪೆಡಲ್ಲಿಗೂ ನಡುವೆ ಯಾವ ಸರಳೂ ತಂತಿಯೂ ಇಲ್ಲ. ಅವೆರಡನ್ನೂ ಜೋಡಿಸಿದ್ದು ಪೈಲಟ್‌ನ ಬೆನ್ನುಮೂಳೆ, ಸೊಂಟ ಮತ್ತು ತೊಡೆ. ಹಿಡಿಯ ಜಾಗ ಬದಲಾಯಿಸಿದವರು ಯಂತ್ರದ ಜೋಡಣೆಯನ್ನು ಶ್ರದ್ಧೆಯಿಂದಲೇ ಮಾಡಿದ್ದರು. ಆ ಜೋಡಣೆಯ ಕೊನೆಯ ಕೊಂಡಿ ಮನುಷ್ಯನ ದೇಹವೆಂಬುದು ಲೆಕ್ಕದಿಂದ ಬಿಟ್ಟುಹೋಗಿತ್ತು.

1999ರಲ್ಲಿ ಮಂಡಳಿ ಕೊಟ್ಟ ನಿರ್ಣಯದ ಪ್ರಕಾರ, ಇಂಧನದ ಹಿಡಿಯನ್ನು ತಿರುಗಿಸಲು ಯತ್ನಿಸುವಾಗ ಪೈಲಟ್‌ನ ಗಮನ ವಿಮಾನ ಹಾರಿಸುವುದರಿಂದ ಬೇರೆಡೆಗೆ ಸರಿದದ್ದು ಮತ್ತು ಅರಿವಿಲ್ಲದೆ ಬಲ ರಡರ್ ಒತ್ತಿದ್ದರಿಂದ ನಿಯಂತ್ರಣ ತಪ್ಪಿದ್ದು ಅಪಘಾತದ ಸಂಭಾವ್ಯ ಕಾರಣ. ಹಾರಾಟಕ್ಕೆ ಮುನ್ನ ಸರಿಯಾದ ಸಿದ್ಧತೆ ಮಾಡದಿದ್ದುದನ್ನು, ನಿರ್ದಿಷ್ಟವಾಗಿ ಇಂಧನ ತುಂಬಿಸದಿದ್ದುದನ್ನು, ಅದು ಕಾರಣಗಳಲ್ಲಿ ಸೇರಿಸಿತು. ಗುರುತಿಲ್ಲದ ಹಿಡಿಯನ್ನು ಕೈಗೆಟುಕದ ಜಾಗದಲ್ಲಿಟ್ಟ ನಿರ್ಮಾಪಕರ ನಿರ್ಧಾರ, ಗೆರೆಗಳಿಲ್ಲದ ಮಾಪಕಗಳು, ಹೊಸ ಮಾದರಿಗೆ ಬೇಕಾದಷ್ಟು ತರಬೇತಿ ಪಡೆಯದಿದ್ದುದು ಮತ್ತು ಈ ಮಾದರಿಯಲ್ಲಿನ ಅನುಭವದ ಕೊರತೆ, ಇವು ಪೂರಕ ಅಂಶಗಳೆಂದು ಹೇಳಿತು. ಡೆನ್ವರ್ ಅವರ ವೈದ್ಯಕೀಯ ಪ್ರಮಾಣಪತ್ರ ಆಗ ಊರ್ಜಿತದಲ್ಲಿರಲಿಲ್ಲ ಎಂಬ ಸಂಗತಿ ಆ ದಿನಗಳಲ್ಲಿ ಬಹಳ ಚರ್ಚೆಯಾಯಿತು. ಆದರೆ ಅವರ ದೇಹದಲ್ಲಿ ಮದ್ಯದ ಅಂಶ ಪತ್ತೆಯಾಗಲಿಲ್ಲ, ಮಂಡಳಿಯೂ ಅದನ್ನು ಕಾರಣವೆಂದು ಪರಿಗಣಿಸಲಿಲ್ಲ.

ಮಂಡಳಿ ಪೈಲಟ್‌ನ ಕ್ರಿಯೆಯನ್ನು ಮೊದಲಿಗಿಟ್ಟು ಹಿಡಿಯ ಜಾಗವನ್ನು ಪೂರಕ ಅಂಶವಾಗಿಸಿದ್ದು ತನಿಖೆಯ ಕ್ರಮಕ್ಕೆ ಅನುಗುಣವಾಗಿಯೇ ಇದೆ. ವಿಮಾನ ಕಟ್ಟುವವರ ನೆಲೆಯಿಂದ ನೋಡುವಾಗ ಮಾತ್ರ ನಾನು ಆ ಕ್ರಮವನ್ನು ತಿರುಗಿಸಿ ಓದುತ್ತೇನೆ. ಪೈಲಟ್‌ಗಳು ಆಗೊಮ್ಮೆ ಈಗೊಮ್ಮೆ ಇಂಧನದ ಲೆಕ್ಕ ತಪ್ಪುತ್ತಾರೆ. ಅದನ್ನು ತರಬೇತಿಯಿಂದ ಕಡಿಮೆ ಮಾಡಬಹುದು, ಇಲ್ಲವಾಗಿಸಲು ಆಗದು. ಹಿಡಿ ಕಾಲುಗಳ ನಡುವೆಯೇ ಇದ್ದಿದ್ದರೆ ಅದೇ ತಪ್ಪು ಕೆಲವು ಸೆಕೆಂಡುಗಳ ಗಾಬರಿಯಲ್ಲಿ ಮುಗಿಯುವ ಸಾಧ್ಯತೆ ಬಹಳ ಹೆಚ್ಚಾಗಿತ್ತು.

ಕಾನೂನು ಇದನ್ನು ತಡೆಯಲಿಲ್ಲವೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ, ಕಲಿಕೆಗಾಗಿ ಅಥವಾ ಹವ್ಯಾಸಕ್ಕಾಗಿ ವಿಮಾನದ ಹೆಚ್ಚಿನ ಭಾಗವನ್ನು ತಾನೇ ಕಟ್ಟಿದವರಿಗೆ ಪ್ರಾಯೋಗಿಕ ವರ್ಗದಲ್ಲಿ ಹಾರಾಟದ ಅನುಮತಿ ದೊರೆಯುತ್ತದೆ. ವಿನ್ಯಾಸಕರ ನಕ್ಷೆಯನ್ನು ಚಾಚೂತಪ್ಪದೆ ಪಾಲಿಸಬೇಕೆಂಬ ನಿಯಮ ಅಲ್ಲಿಲ್ಲ. ಆ ಸ್ವಾತಂತ್ರ್ಯ ಇಲ್ಲದಿದ್ದರೆ ಲಾಂಗ್-ಈಜೀಯಂಥ ವಿಮಾನವೇ ಹುಟ್ಟುತ್ತಿರಲಿಲ್ಲವಾದ್ದರಿಂದ ಅದನ್ನು ದೂರುವುದು ಸರಿಯಲ್ಲ. ಮಂಡಳಿ ಕೂಡ ಸ್ವಾತಂತ್ರ್ಯವನ್ನು ಮೊಟಕುಗೊಳಿಸಲು ಹೇಳಲಿಲ್ಲ. ಅನುಮತಿ ಕೊಡುವ ಮುನ್ನ ಕಾಕ್‌ಪಿಟ್ಟಿನ ಮುಖ್ಯ ನಿಯಂತ್ರಣಗಳ ಮೇಲೆ ಗುರುತುಗಳಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕೆಂದೂ, ಹೊಸ ಮಾದರಿಗೆ ಬದಲಾಗುವ ಪೈಲಟ್‌ಗಳಿಗೆ ತರಬೇತಿಯನ್ನು ಉತ್ತೇಜಿಸಬೇಕೆಂದೂ ಶಿಫಾರಸು ಮಾಡಿತು.

ಫ್ಲ್ಯಾಪ್ ಹಿಡಿಯನ್ನು ಬದಲಾಯಿಸುವವರಿಗೆ ಈ ಪ್ರಕರಣ

ಲಾಂಗ್-ಈಜೀಯಲ್ಲಿ ಫ್ಲ್ಯಾಪ್‌ಗಳಿಲ್ಲ. ಆದರೂ ಈ ಪ್ರಕರಣದಿಂದ ನೇರವಾಗಿ ಪ್ರಯೋಜನ ಪಡೆಯಬೇಕಾದವರು ಫ್ಲ್ಯಾಪ್ ನಿಯಂತ್ರಣದಲ್ಲಿ ಕೈಯಾಡಿಸುವವರು, ಏಕೆಂದರೆ ಸ್ವಯಂನಿರ್ಮಿತ ವಿಮಾನಗಳಲ್ಲಿ ಇದು ಸಾಮಾನ್ಯವಾಗಿ ನಡೆಯುವ ಮಾರ್ಪಾಡು. ಆರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆಯ ಆರ್‌ವಿ-6 ಮಾದರಿಯನ್ನು ತೆಗೆದುಕೊಳ್ಳಬಹುದು. ಅದರಲ್ಲಿ ಎರಡು ಆಸನಗಳ ನಡುವಿನ ಉದ್ದನೆಯ ಹಿಡಿಯನ್ನು ಕೈಯಿಂದ ಎಳೆದು ಫ್ಲ್ಯಾಪ್ ಇಳಿಸುವ ವ್ಯವಸ್ಥೆಯೂ ಉಂಟು, ವಿದ್ಯುತ್ ಮೋಟಾರಿನ ವ್ಯವಸ್ಥೆಯೂ ಉಂಟು. ಮೊದಲನೆಯದನ್ನು ತೆಗೆದು ಎರಡನೆಯದನ್ನು ಕೂರಿಸಿಕೊಳ್ಳಲು ಬಯಸುವವರ ಕಾರಣಗಳು ನ್ಯಾಯವಾದವೇ: ಆಸನಗಳ ನಡುವೆ ಜಾಗ ಸಿಗುತ್ತದೆ, ತೋಳಿಗೆ ಶ್ರಮವಿಲ್ಲ.

ಆದರೆ ಕೈಹಿಡಿಯೊಂದಿಗೆ ಹೊರಟುಹೋಗುವುದು ಲೋಹದ ಸರಳು ಮಾತ್ರವಲ್ಲ. ಹಿಡಿ ಯಾವ ಕಚ್ಚಿನಲ್ಲಿದೆ ಎಂಬುದರಿಂದ ಫ್ಲ್ಯಾಪ್ ಎಷ್ಟು ಇಳಿದಿದೆ ಎಂದು ಪೈಲಟ್ ಕಣ್ಣೆತ್ತದೆ ತಿಳಿಯುತ್ತಿದ್ದ. ವೇಗ ಹೆಚ್ಚಿದ್ದಾಗ ಗಾಳಿಯ ಒತ್ತಡ ಹಿಡಿಯನ್ನು ಎಳೆಯಗೊಡದೆ ಅವನನ್ನು ಎಚ್ಚರಿಸುತ್ತಿತ್ತು. ಮೋಟಾರಿಗೆ ಆ ನಾಚಿಕೆಯಿಲ್ಲ. ಅದೇ ಬಳಗದ ಆರ್‌ವಿ-7ರಲ್ಲಿ ಫ್ಲ್ಯಾಪ್ ಪೂರ್ತಿ ಇಳಿಸಿ ಹಾರಬಹುದಾದ ಗರಿಷ್ಠ ವೇಗ ಗಂಟೆಗೆ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್. ಆ ಮಿತಿ ದಾಟಿದ್ದರೂ ಸ್ವಿಚ್ ಒತ್ತಿದರೆ ಮೋಟಾರು ಫ್ಲ್ಯಾಪನ್ನು ಗಾಳಿಗೆ ಎದುರಾಗಿ ತಳ್ಳಲು ಹೊರಡುತ್ತದೆ. ಆದ್ದರಿಂದ ಕೈಗೆ ಸಿಗುತ್ತಿದ್ದ ಈ ಎರಡು ಸುಳಿವುಗಳನ್ನು ಬೇರೆ ರೂಪದಲ್ಲಿ ಮರಳಿ ಒದಗಿಸುವವರೆಗೆ, ಅಂದರೆ ಫ್ಲ್ಯಾಪ್ ಇರುವ ಕೋನವನ್ನು ತೋರಿಸುವ ಸೂಚಕವೋ ಫ್ಲ್ಯಾಪಿನ ಮೇಲೆಯೇ ಕಾಣುವ ಗೆರೆಗಳೋ, ಮತ್ತು ಸ್ವಿಚ್ಚಿನ ಪಕ್ಕದಲ್ಲಿ ವೇಗದ ಮಿತಿಯ ಬರಹ ಇವೆಲ್ಲ ಬರುವವರೆಗೆ, ಮಾರ್ಪಾಡು ಮುಗಿಯಿತೆಂದು ತಿಳಿಯಬಾರದು.

ಸ್ವಿಚ್ಚಿನ ಬಗೆಯೂ ಯೋಚಿಸಬೇಕಾದ ಸಂಗತಿ. ಬೆರಳು ಬಿಟ್ಟರೆ ನಡುವಿಗೆ ಮರಳುವ ಸ್ಪ್ರಿಂಗ್ ಸ್ವಿಚ್ಚಿನಲ್ಲಿ, ಬೆರಳು ಒತ್ತಿಹಿಡಿದಷ್ಟು ಹೊತ್ತು ಮಾತ್ರ ಫ್ಲ್ಯಾಪ್ ಚಲಿಸುತ್ತದೆ. ಒಮ್ಮೆ ತಟ್ಟಿದರೆ ಫ್ಲ್ಯಾಪ್ ಪೂರ್ತಿ ಮೇಲಕ್ಕೆ ಹೋಗುವಂಥ ಸ್ವಿಚ್ ಇಟ್ಟುಕೊಂಡರೆ ಕೈ ಬಿಡುವಾಗುತ್ತದೆ ನಿಜ. ಆದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕಾದಾಗ, ನೆಲದ ಹತ್ತಿರ, ಕಡಿಮೆ ವೇಗದಲ್ಲಿ, ಫ್ಲ್ಯಾಪ್ ಒಂದೇ ಉಸಿರಿನಲ್ಲಿ ಪೂರ್ತಿ ಮಡಚಿಕೊಂಡರೆ ಎತ್ತುವ ಬಲ ಇಳಿದು ವಿಮಾನ ಕುಸಿಯುತ್ತದೆ. ನನ್ನ ಆಯ್ಕೆ ಸ್ಪ್ರಿಂಗ್ ಸ್ವಿಚ್. ತಟ್ಟಿದೊಡನೆ ಹಂತಹಂತವಾಗಿ ಮಾತ್ರ ಚಲಿಸುವ ನಿಯಂತ್ರಕವನ್ನೂ ಒಪ್ಪಬಹುದು. ಮೋಟಾರಿನ ಚಾಚುದಂಡ ಕಂಪನದಿಂದ ತಿರುಗಿ ಬಿಚ್ಚಿಕೊಳ್ಳದಂತೆ ಸೇಫ್ಟಿ ವೈರ್ ಎಂಬ ಬಿಗಿತಂತಿ ಹಾಕುವುದು, ಒಂದೇ ಕಡೆಯ ಕೊಂಡಿ ಕಳಚಿದರೆ ಫ್ಲ್ಯಾಪ್ ಒಂದು ಪಕ್ಕಕ್ಕೆ ಮಾತ್ರ ಇಳಿದು ವಿಮಾನ ಉರುಳುತ್ತದೆಂಬುದನ್ನು ನೆನಪಿನಲ್ಲಿಟ್ಟು ಎರಡೂ ಕಡೆಯ ಕೊಂಡಿಗಳನ್ನು ಪರೀಕ್ಷಿಸುವುದು, ಇವು ಯಂತ್ರದ ಭಾಗದ ಕೆಲಸಗಳು. ಕಟ್ಟುವವರು ಇವನ್ನು ಸಾಮಾನ್ಯವಾಗಿ ಮರೆಯುವುದಿಲ್ಲ.

ಮರೆಯುವುದು ಕೈಯ ಭಾಗವನ್ನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿ-17 ಬಾಂಬರ್‌ಗಳನ್ನು ಇಳಿಸಿದ ಪೈಲಟ್‌ಗಳು, ಫ್ಲ್ಯಾಪ್ ಮಡಚುವ ಬದಲು ನೆಲದ ಮೇಲೆಯೇ ಚಕ್ರಗಳನ್ನು ಮಡಚಿಬಿಡುತ್ತಿದ್ದರು. ಎರಡರ ಸ್ವಿಚ್ಚುಗಳು ಒಂದರ ಪಕ್ಕ ಒಂದು, ಒಂದೇ ಆಕಾರದಲ್ಲಿದ್ದವು. ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್ ಚಕ್ರದ ನಿಯಂತ್ರಣಕ್ಕೆ ರಬ್ಬರಿನ ಚಕ್ರದಾಕಾರವನ್ನೂ ಫ್ಲ್ಯಾಪಿನದಕ್ಕೆ ಬೆಣೆಯಾಕಾರವನ್ನೂ ಕೊಡಿಸಿ ಆ ಗೊಂದಲವನ್ನು ನಿವಾರಿಸಿದರು. ಮುಂದೆ ಪ್ರಮಾಣೀಕೃತ ವಿಮಾನಗಳ ನಿಯಮಗಳಲ್ಲಿಯೂ ಹಿಡಿಗಳ ಆಕಾರ ಸೇರಿಕೊಂಡಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿ 2021ರಲ್ಲಿ ಮೊದಲು ಹಾರಿಸಿದ ಹನ್ಸಾ-ಎನ್‌ಜಿ ತರಬೇತಿ ವಿಮಾನದಲ್ಲೂ ಫ್ಲ್ಯಾಪ್‌ಗಳು ವಿದ್ಯುತ್ ಚಾಲಿತವೇ. ಆದರೆ ಅಂಥ ವಿಮಾನದ ಪ್ರತಿ ಸ್ವಿಚ್ಚಿನ ಜಾಗವೂ ಹಲವರ ಪರಿಶೀಲನೆಯನ್ನು ದಾಟಿ ಬರುತ್ತದೆ. ಗ್ಯಾರೇಜಿನಲ್ಲಿ ಒಬ್ಬರೇ ಕಟ್ಟುವವರಿಗೆ ಆ ಪರಿಶೀಲನೆಯನ್ನು ತಾವೇ ಏರ್ಪಡಿಸಿಕೊಳ್ಳಬೇಕಾದ ಹೊಣೆಯಿದೆ. ಫ್ಲ್ಯಾಪ್ ಸ್ವಿಚ್ಚನ್ನು ಇಂಧನ ಪಂಪಿನ ಸ್ವಿಚ್ಚಿನ ಪಕ್ಕದಲ್ಲಿ, ಅದೇ ಆಕಾರದಲ್ಲಿ, ಅದೇ ಸಾಲಿನಲ್ಲಿ ಕೂರಿಸುವ ಮುನ್ನ ಬಿ-17ರ ನೆನಪು ಬರಬೇಕು.

ಪರೀಕ್ಷೆ ಕಷ್ಟದ್ದೇನಲ್ಲ. ವಿಮಾನ ನೆಲದಲ್ಲಿರುವಾಗಲೇ ಪಟ್ಟಿಗಳನ್ನೆಲ್ಲ ಬಿಗಿದು ಕೂರಬೇಕು, ಒಂದು ಕೈ ಸ್ಟಿಕ್ಕಿನ ಮೇಲೆ, ಎರಡೂ ಕಾಲು ಪೆಡಲ್ಲುಗಳ ಮೇಲೆ ಇರಬೇಕು. ಕಣ್ಣು ಮುಂದಿನ ದಿಗಂತವನ್ನೇ ನೋಡುತ್ತಿರುವಾಗ ಹೊಸ ನಿಯಂತ್ರಣವನ್ನು ಅದರ ಎಲ್ಲ ಸ್ಥಾನಗಳಿಗೂ ಒಯ್ದು ತರಬೇಕು. ಆಗ ಪಕ್ಕದಲ್ಲಿ ನಿಂತ ಇನ್ನೊಬ್ಬರು ನೋಡಬೇಕಾದದ್ದು ಹಿಡಿಯನ್ನಲ್ಲ, ಕೂತವರ ಕಾಲು ಮತ್ತು ಸ್ಟಿಕ್ ಹಿಡಿದ ಕೈಯನ್ನು. ಅವು ಕೊಂಚ ಅಲುಗಿದರೂ ಆ ಜಾಗ ತಪ್ಪು. ಆಮೇಲೆ ಕಟ್ಟಿದವರಿಗಿಂತ ಕುಳ್ಳಗಿರುವ ಒಬ್ಬರನ್ನೂ ಎತ್ತರವಿರುವ ಒಬ್ಬರನ್ನೂ ಕೂರಿಸಿ, ಯಾವ ವಿವರಣೆಯನ್ನೂ ಕೊಡದೆ, ಇದನ್ನೇ ಮಾಡಿಸಬೇಕು. ಅವರು ಕೇಳುವ ಮೊದಲ ಪ್ರಶ್ನೆ ಯಾವುದೋ ಅದಕ್ಕೆ ಉತ್ತರವಾಗುವ ಬರಹ ಆ ಹಿಡಿಯ ಪಕ್ಕದಲ್ಲಿ ಇರತಕ್ಕದ್ದು. ಈ ಪರೀಕ್ಷೆಯನ್ನು ಲಾಂಗ್-ಈಜೀಯ ಎಡಹೆಗಲ ಹಿಡಿಗೆ ಅನ್ವಯಿಸಿದ್ದರೆ ಮೊದಲ ನಿಮಿಷದಲ್ಲೇ ಅದು ಸೋಲುತ್ತಿತ್ತು.

ದೊಡ್ಡ ಮಾರ್ಪಾಡುಗಳ ಬಳಿಕ ಅಮೆರಿಕದ ನಿಯಮಗಳು ವಿಮಾನವನ್ನು ಮತ್ತೆ ಪರೀಕ್ಷಾ ಹಾರಾಟದ ಹಂತಕ್ಕೆ ಕಳಿಸುತ್ತವೆ. ವಾಯುಯಾನ ಪ್ರಾಧಿಕಾರದ ಸ್ಥಳೀಯ ಕಚೇರಿಗೆ ತಿಳಿಸಿ, ಕನಿಷ್ಠ 5 ಗಂಟೆ ಪ್ರಯಾಣಿಕರಿಲ್ಲದೆ ಹಾರಿಸಿ, ಫಲಿತಾಂಶವನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕಾಗುತ್ತದೆ. ಫ್ಲ್ಯಾಪ್ ನಿಯಂತ್ರಣದ ಬದಲಾವಣೆ ದೊಡ್ಡದೋ ಚಿಕ್ಕದೋ ಎಂಬ ವಾದಕ್ಕೆ ಇಳಿಯದೆ, ಈ ಗಂಟೆಗಳನ್ನು ಹಾರಿಸಿಯೇ ತೀರುವುದು ಒಳ್ಳೆಯದು. ಸಾಕಷ್ಟು ಎತ್ತರದಲ್ಲಿ ಫ್ಲ್ಯಾಪನ್ನು ಪ್ರತಿ ಹಂತಕ್ಕೂ ಇಳಿಸಿ ಏರಿಸಿ, ವಿದ್ಯುತ್ ಕಡಿತಗೊಳಿಸಿ, ಫ್ಲ್ಯಾಪ್ ಇಲ್ಲದೆಯೇ ಇಳಿಯುವುದನ್ನು ಅಭ್ಯಾಸ ಮಾಡಿ, ಕಂಡದ್ದನ್ನು ಬರೆದಿಡಬೇಕು.

ಬರೆದಿಡುವುದು ಕಟ್ಟಿದವರಿಗಾಗಿ ಅಲ್ಲ. 2011ರಲ್ಲಿ ಅಮೆರಿಕದಲ್ಲಿ ನಡೆದ ಸ್ವಯಂನಿರ್ಮಿತ ವಿಮಾನಗಳ 224 ಅಪಘಾತಗಳನ್ನು ಇದೇ ಸುರಕ್ಷತಾ ಮಂಡಳಿ ಅಧ್ಯಯನ ಮಾಡಿ 2012ರಲ್ಲಿ ವರದಿ ಪ್ರಕಟಿಸಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇನ್ನೊಬ್ಬರು ಕಟ್ಟಿದ್ದನ್ನು ಕೊಂಡವರ ಕೈಯಲ್ಲಿದ್ದ ವಿಮಾನಗಳು. ಮಾರ್ಪಾಡು ಮಾಡಿದವರು ವಿಮಾನದೊಂದಿಗೆ ಹೋಗುವುದಿಲ್ಲ, ಮಾರ್ಪಾಡು ಹೋಗುತ್ತದೆ. ಆದ್ದರಿಂದ ಮೂಲ ನಕ್ಷೆಗಿಂತ ಭಿನ್ನವಾದ ಪ್ರತಿ ನಿಯಂತ್ರಣದ ಜಾಗ, ಅದು ತಿರುಗುವ ದಿಕ್ಕು, ಅದರಿಂದ ಹಿಂದೆ ಯಾರಿಗಾದರೂ ತೊಂದರೆಯಾಗಿದ್ದರೆ ಅದರ ವಿವರ, ಇವಿಷ್ಟನ್ನೂ ಮಾರುವವರು ಕಾಗದದಲ್ಲಿ ಬರೆದುಕೊಡಬೇಕು. ಕೊಡದಿದ್ದರೆ ಕೊಳ್ಳುವವರು ಮೂಲ ನಕ್ಷೆಯನ್ನು ತರಿಸಿ, ಕಾಕ್‌ಪಿಟ್ಟಿನಲ್ಲಿ ಕೂತು ಒಂದೊಂದನ್ನೂ ಹೋಲಿಸಿ ನೋಡಬೇಕು. ಕೈಗೆಟುಕದ ನಿಯಂತ್ರಣ ಕಂಡರೆ ಅದನ್ನು ಸರಿಯಾದ ಜಾಗಕ್ಕೆ ತರುವವರೆಗೆ ಹಾರಬಾರದು.